ವಠಾರದ ತೊಟ್ಟಿಗೆ ಬಂದ ಭೂಪತಿ

ಭೂಪತಿ ನಮ್ಮ ವಠಾರದ ತೊಟ್ಟಿಗೆ ಬಂದಾಗ ನಾನು ಗ್ಯಾಸ್ ಒಲೆಯ ರಬ್ಬರ್ ಪೈಪೊಂದನ್ನು ನೀರಿನಲ್ಲಿ ಮುಳುಗಿಸಿ, ಒಂದು ತುದಿಯನ್ನು ಬೆರಳಿನಿಂದ ಮುಚ್ಚಿ, ಇನ್ನೊಂದು ತುದಿಯಿಂದ ಊದುತ್ತ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದೆ. ಮಧ್ಯಾಹ್ನದ ಊಟ ಮುಗಿಸಿ ಐದೂ ಮನೆಗಳು ಮಲಗಿದ್ದವು. ಪೈಪಿನಲ್ಲಿ ಸಣ್ಣ ತೂತಿತ್ತು. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಅವುಗಳ ಪಕ್ಕದಲ್ಲೇ ತಂಬಿಗೆಯಷ್ಟು ದೊಡ್ಡ ಗುಳ್ಳೆಯೊಂದು ಎದ್ದು ಒಡೆಯಿತು. ಇಷ್ಟು ದೊಡ್ಡ ತೂತು ಯಾವ ಪೈಪಿಗೂ ಆಗುವುದಿಲ್ಲವಲ್ಲ ಅಂದುಕೊಳ್ಳುವಷ್ಟರಲ್ಲಿ ಒಂದು ತಲೆ ಮೇಲೆ ಬಂತು. ತಟ್ಟಿ ಚಪ್ಪಟೆ ಮಾಡಿದ ತಾಮ್ರದ ಕೊಡದಂಥ ತಲೆ. ಬಾಯಿ ತೆರೆದು ಗಟಕ್ಕನೆ ಗಾಳಿ ನುಂಗಿ ಮುಳುಗಿತು. ನಾನು ಪೈಪನ್ನು ಅಲ್ಲೇ ಬಿಟ್ಟು ಹಿಂದಕ್ಕೆ ಕುಸಿದು ಕೂತೆ.

ನಮ್ಮ ಊರಿನಲ್ಲಿ ಮೀನುಗಳು ಮನೆ ಬದಲಿಸುತ್ತವೆ. ಕೊಳವಿರುವ ಮನೆಗಳು ಊರಿನಲ್ಲಿ ನೂರಕ್ಕೂ ಹೆಚ್ಚು. ಅವುಗಳಲ್ಲಿ ಆಳುದ್ದದ ಮೀನುಗಳನ್ನು ಸಾಕುತ್ತಾರೆ. ಯಾವ ಕೊಳಕ್ಕೂ ಇನ್ನೊಂದು ಕೊಳಕ್ಕೂ ಕಾಲುವೆಯಿಲ್ಲ, ಕೊಳವೆಯಿಲ್ಲ. ಆದರೂ ಊರು ಮಲಗಿದ ಮಧ್ಯಾಹ್ನಗಳಲ್ಲಿ ಯಾವುದಾದರೂ ಒಂದು ಮೀನು ತನ್ನ ಮನೆ ಬಿಟ್ಟು ಮತ್ತೊಂದು ಮನೆಗೆ ಹೋಗಿರುತ್ತದೆ. ವರ್ಷಕ್ಕೆ ಆರೋ ಏಳೋ ಸಲ ಹೀಗಾಗುತ್ತದೆ. ಮೀನು ಹೋದ ಮನೆಯವರು ವಾಪಸು ಕೇಳಬಾರದು, ಬಂದ ಮನೆಯವರು ಬೇಡ ಅನ್ನಬಾರದು. ಹೋದ ಮನೆಯವರು ಮೂರನೆಯ ದಿನ ಬಂದು ಅದರ ಊಟ ಉಪಚಾರ ಹೇಳಿ ಹೋಗಬೇಕು. ಶಾಲೆಯಲ್ಲಿ ಮಕ್ಕಳು ‘ನಮ್ಮನೆ ಮೀನು ಹೋಯ್ತು ಸಾರ್’ ಎಂದರೆ ಒಂದು ದಿನ ರಜೆ ಕೊಡುತ್ತಾರೆ. ಹೆಣ್ಣು ನೋಡಲು ಬಂದವರು ಮೀನು ಎಷ್ಟು ವರ್ಷದಿಂದ ಇದೆ ಎಂದು ಮೊದಲು ಕೇಳುತ್ತಾರೆ. ಮೀನನ್ನು ಮನುಷ್ಯರೇ ಎತ್ತಿ ಸಾಗಿಸಿದ್ದು ನನ್ನ ತಿಳಿವಳಿಕೆಯಲ್ಲಿ ಎರಡು ಸಲ. ಎರಡೂ ಸಲ ಅದು ತಿನ್ನುವುದನ್ನು ಬಿಟ್ಟು ಹತ್ತು ದಿನದೊಳಗೆ ಸತ್ತಿತು. ಅದಾದ ಮೇಲೆ ಆ ಮನೆಗಳಿಗೆ ಯಾವ ಮೀನೂ ಬಂದಿಲ್ಲ.

ಆದರೆ ಬಟ್ಟೆ ಒಗೆಯುವ ತೊಟ್ಟಿಗೆ ಮೀನು ಬಂದದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ. ನಮ್ಮದು ಬಾಡಿಗೆಯ ವಠಾರ. ನನ್ನ ಹೆಸರು ತಾರಾಬಾಯಿ, ಕುಕ್ಕರು, ಪಂಪ್ ಸ್ಟವ್, ಗ್ಯಾಸ್ ಒಲೆ ರಿಪೇರಿ ಮಾಡುತ್ತೇನೆ. ನಮ್ಮವರು ಮಾಧವರಾಯರು ಹೋಟೆಲಿನಲ್ಲಿ ದೋಸೆ ಹಾಕುತ್ತಾರೆ. ನಮ್ಮ ಎರಡು ಕೋಣೆಗಳ ಹಿಂದೆ ತಗಡಿನ ಶೆಡ್ಡು, ಅದೇ ನನ್ನ ಅಂಗಡಿ. ಶೆಡ್ಡಿನ ಗೋಡೆಗೆ ಒತ್ತಿಕೊಂಡು ಐದೂ ಮನೆಗಳಿಗೆ ಸೇರಿದ ಆ ತೊಟ್ಟಿ: ಹತ್ತಡಿ ಉದ್ದ, ಐದಡಿ ಅಗಲ, ಎದೆಯಾಳ. ಮೀನು ಅಳತೆಗೆ ಏಳಡಿಯಿತ್ತು. ತಿರುಗಬೇಕಾದರೆ ಬಿಲ್ಲಿನಂತೆ ಬಾಗಬೇಕು, ಬಾಗಿದಾಗಲೆಲ್ಲ ಮೂತಿ ಒರಟು ಸಿಮೆಂಟಿಗೆ ಉಜ್ಜಬೇಕು.

ನಮ್ಮೆದುರು ಮನೆಯ ತುಂಗಮ್ಮ ಎದ್ದು ಬಂದು ಇಣುಕಿದರು. ಅವರು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಊರಿನ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದ್ದು.

‘ಅರಪೈಮ ಅನ್ನೋ ಜಾತಿ ಕಣೇ ತಾರಾ ಇದು. ಬಾಲದ ಹತ್ರ ಕೆಂಪು ನೋಡು. ಹದಿನಾಲ್ಕು ಕಂಬದ ಮನೆ ಸುಭದ್ರಮ್ಮೋರದ್ದು’ ಎಂದರು.

‘ಅಲ್ಲಿಂದ ಇಲ್ಲಿಗಾ?’

‘ಅದನ್ನ ಕೇಳೋಕೆ ನಾನ್ಯಾರು, ನೀನ್ಯಾರು? ಮೊದ್ಲು ಆ ಸೋಪು ತೆಗಿ.’

ಸುಭದ್ರಮ್ಮನವರು ಪದ್ಧತಿಯಂತೆ ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಬಂದರು. ಅರವತ್ತು ದಾಟಿದ ನೆಟ್ಟನೆಯ ಹೆಂಗಸು. ಇಪ್ಪತ್ತೆರಡು ವರ್ಷದ ಹಿಂದೆ ಬೆರಳುದ್ದದ ಮರಿಯಾಗಿ ತಂದು ಸಾಕಿದ ಮೀನದು. ಭೂಪತಿ ಎಂದು ಹೆಸರಿಟ್ಟವರೂ ಅವರೇ. ಅವರ ಕೊಳಕ್ಕೆ ನಾಲ್ಕು ಕಡೆ ಕಲ್ಲಿನ ಮೆಟ್ಟಿಲು, ಮೇಲೆ ಬಳ್ಳಿಯ ಚಪ್ಪರ. ಅವರ ಹಿಂದೆ ಅಡುಗೆಯ ಈರಣ್ಣ ಸ್ಟೀಲಿನ ಬಕೀಟು ಹಿಡಿದು ಬಂದ. ಸುಭದ್ರಮ್ಮನವರು ತೊಟ್ಟಿಯ ಅಂಚಿನಲ್ಲಿ ಅಂಟಿದ್ದ ಹಳೆಯ ಸೋಪಿನ ಕಿಟ್ಟವನ್ನು ನೋಡಿದರು, ಒಗೆಯುವ ಕಲ್ಲನ್ನು ನೋಡಿದರು, ತಂತಿಯ ಮೇಲೆ ಒಣಗುತ್ತಿದ್ದ ನಮ್ಮವರ ಬನಿಯನನ್ನು ನೋಡಿದರು. ಕೊನೆಗೆ ನನ್ನನ್ನು ನೋಡಿದರು.

‘ನೀನು ಏನಾದ್ರೂ ಮಾಡಿದ್ಯಾ?’

‘ಏನೂ ಇಲ್ಲಮ್ಮ. ಪೈಪ್ ನೋಡ್ತಿದ್ದೆ.’

‘ಮೀನು ಸಾಕಿದ್ಯಾ ಮೊದ್ಲು?’

‘ಇಲ್ಲಮ್ಮ. ನಂಗೆ ಅದ್ರ ವಾಸ್ನೇನೇ ಆಗಲ್ಲ.’

ಸತ್ಯ ಹೇಳಿಬಿಟ್ಟೆ. ಅವರ ಮುಖದ ಮೇಲೆ ಏನೋ ಹಾದುಹೋಯಿತು. ಆಮೇಲೆ ಪಾಠ ಒಪ್ಪಿಸುವವರಂತೆ ಒಂದೇ ದನಿಯಲ್ಲಿ ಹೇಳತೊಡಗಿದರು. ಹನ್ನೊಂದಕ್ಕೆ ಒಂದು ಊಟ, ಐದಕ್ಕೆ ಒಂದು. ಸಣ್ಣ ಮೀನು, ಸಿಗಡಿ, ಹಳಸಿದ್ದು ಕೂಡದು. ಕಾಲು ಗಂಟೆಗೊಮ್ಮೆ ಮೇಲೆ ಬಂದು ಗಾಳಿ ಕುಡಿಯುತ್ತದೆ, ಆಗ ಅಡ್ಡ ಬರಬಾರದು. ಬೆದರಿದರೆ ಹಾರುತ್ತದೆ, ಮೇಲೆ ಬಲೆ ಕಟ್ಟಬೇಕು. ಚಳಿ ಬಿದ್ದರೆ ಬಿಸಿನೀರು ಬೆರೆಸಬೇಕು. ಊಟಕ್ಕೆ ಕರೆಯಲು ಅಂಗೈಯಿಂದ ನೀರನ್ನು ಎರಡು ಸಲ ತಟ್ಟಬೇಕು, ಮೂರಲ್ಲ. ಹೇಳಿ ಮುಗಿಸಿ, ಕೈಯ ಬಳೆ ಮೇಲಕ್ಕೆ ಸರಿಸಿ, ನೀರನ್ನು ಎರಡು ಸಲ ತಟ್ಟಿದರು. ಭೂಪತಿ ಬಂದು ಅವರ ಅಂಗೈಯಿಂದ ಸಣ್ಣ ಮೀನನ್ನು ಎಳೆದುಕೊಂಡ ಸದ್ದು ಸೌದೆ ಸೀಳಿದ ಹಾಗಿತ್ತು. ಅವರು ಕೈಯನ್ನು ಅಲ್ಲೇ ನೀರಿನಲ್ಲಿಟ್ಟುಕೊಂಡು ತುಂಬ ಹೊತ್ತು ನಿಂತಿದ್ದರು.

ಪದ್ಧತಿಯ ಪ್ರಕಾರ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮರುದಿನ ಹನ್ನೊಂದಕ್ಕೆ ಸುಭದ್ರಮ್ಮನವರು ಮತ್ತೆ ಬಂದರು. ಅದರ ಮರುದಿನವೂ ಬಂದರು. ವಾಪಸು ಕೇಳಬಾರದು ಎಂದು ಕಟ್ಟಳೆಯಿತ್ತೇ ಹೊರತು ನೋಡಬಾರದು ಎಂದಿರಲಿಲ್ಲ. ನಾನು ಒಂದು ಮಣೆ ತಂದು ಹಾಕಿದೆ. ನನ್ನ ಕೈಗೆ ಯಾವಾಗಲೂ ಸೀಮೆಎಣ್ಣೆಯ ವಾಸನೆ. ಅದನ್ನು ನೆಪ ಮಾಡಿ ಊಟ ಹಾಕುವ ಕೆಲಸವನ್ನು ಪೂರ್ತಿ ಅವರಿಗೇ ಬಿಟ್ಟೆ. ಸಂಜೆಯ ಊಟಕ್ಕೂ ಅವರೇ ಬರತೊಡಗಿದರು.

ವಠಾರ ಹೊಂದಿಕೊಂಡಿತು, ಹೊಂದಿಕೊಳ್ಳದೆ ಗತಿಯಿರಲಿಲ್ಲ. ಬಟ್ಟೆ ಒಗೆಯುವುದು ಮುಂದಿನ ಅಂಗಳಕ್ಕೆ ಹೋಯಿತು. ನಲ್ಲಿಯಲ್ಲಿ ನೀರು ಬರುವ ಎರಡು ತಾಸು ಐದೂ ಮನೆಯವರು ಸಾಲಾಗಿ ನಿಂತು ಕೊಡದಿಂದ ಕೊಡಕ್ಕೆ ಸಾಗಿಸಿ ತೊಟ್ಟಿಯ ನೀರು ಬದಲಿಸುತ್ತಿದ್ದೆವು. ಬೈದುಕೊಂಡೇ ಮಾಡುತ್ತಿದ್ದೆವು. ಒಂದು ಸಲ ಭೂಪತಿ ಹಾರಿ ಬಾಲ ಬೀಸಿದ ರಭಸಕ್ಕೆ ಬಲೆ ಕಿತ್ತು, ತುಂಗಮ್ಮನವರ ಉಪ್ಪಿನಕಾಯಿಯ ಭರಣಿ ಕಟ್ಟೆಯಿಂದ ಉರುಳಿ ಚೂರಾಯಿತು. ‘ಹೋಗ್ಲಿ ಬಿಡು, ದೊಡ್ಡ ಮನೆಯಿಂದ ಬಂದೋರಿಗೆ ಇದೆಲ್ಲ ಸಣ್ಣದು’ ಎಂದು ಅವರು ಚೂರು ಆರಿಸಿದರು.

ಒಂಬತ್ತನೆಯ ದಿನ ಮೂತಿಯ ಮೇಲೆ ಗಾಯ ಕಾಣಿಸಿತು. ಹನ್ನೊಂದನೆಯ ದಿನ ಗಾಯದ ಮೇಲೆ ಹತ್ತಿಯಂಥ ಬಿಳಿ ಬೂಷ್ಟು. ತುಂಗಮ್ಮ ಕಲ್ಲುಪ್ಪು ಕರಗಿಸಿ ಹಾಕಿಸಿದರು. ‘ಗಾಯ ವಾಸಿಯಾಗ್ಬೇಕು ಅಂದ್ರೆ ಉಜ್ಜೋದು ನಿಲ್ಬೇಕು. ಇಲ್ಲಿ ಅದು ತಿರುಗಿದ್ರೆ ಉಜ್ಜುತ್ತೆ, ತಿರುಗ್ದೆ ಇದ್ರೆ ಸಾಯುತ್ತೆ’ ಎಂದರು. ಸುಭದ್ರಮ್ಮನವರು ಮಣೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು.

ಮರುದಿನ ಸಂಜೆ ಅವರು ಈರಣ್ಣನನ್ನು ಬಿಟ್ಟು ಒಬ್ಬರೇ ಬಂದರು. ತೊಟ್ಟಿಯ ಕಡೆ ಹೋಗದೆ ನನ್ನ ಶೆಡ್ಡಿನೊಳಕ್ಕೆ ಬಂದು, ಕುಕ್ಕರುಗಳ ನಡುವೆ ಜಾಗ ಮಾಡಿಕೊಂಡು ನಿಂತರು.

‘ನಾಳೆ ಮಧ್ಯಾಹ್ನ ನಾಲ್ಕು ಜನ ಬರ್ತಾರೆ. ಒದ್ದೆ ತಾಡಪಾಲಿನಲ್ಲಿ ಸುತ್ತಿ ಎತ್ಕೊಂಡು ಹೋಗ್ತೀವಿ. ನೀನು ಬಾಗ್ಲು ಹಾಕ್ಕೊಂಡು ಒಳಗಿರು, ಅಷ್ಟು ಸಾಕು.’

‘ಅಮ್ಮ, ಹಾಗೆ ಸಾಗಿಸಿದ್ದು ಯಾವ್ದೂ ಬದುಕಿಲ್ವಲ್ಲ.’

‘ಇಲ್ಲಿದ್ರೆ ಬದುಕುತ್ತಾ?’

ಅವರು ಒಂದು ಕುಕ್ಕರಿನ ಸೀಟಿಯನ್ನು ಎತ್ತಿ, ನೋಡಿ, ಇಟ್ಟರು.

‘ಇಪ್ಪತ್ತೆರಡು ವರ್ಷ. ನಮ್ಮನೆಯವರು ಹೋದಾಗ ಕೂಡ ಹನ್ನೊಂದು ಗಂಟೆಗೆ ಅದಕ್ಕೆ ಊಟ ಹಾಕಿ ಆಮೇಲೆ ಕೂತು ಅತ್ತಿದ್ದೀನಿ. ಏನು ಕಮ್ಮಿ ಮಾಡಿದ್ದೆ ನಾನು? ನೀನೇ ಹೇಳು. ಮೀನಿನ ವಾಸ್ನೇನೇ ಆಗಲ್ಲ ಅಂತೀಯ. ನಿನ್ನ ತೊಟ್ಟೀಲಿ ಏನಿದೆ?’

‘ನಂಗೂ ಗೊತ್ತಿಲ್ಲಮ್ಮ’ ಎಂದೆ.

ನಮ್ಮವರಿಗೆ ಹೇಳಿದೆ. ‘ತಗೊಂಡು ಹೋಗ್ಲಿ ಬಿಡು. ಸತ್ರೆ ಅವರ ಮನೇಲಿ ಸಾಯುತ್ತೆ. ನಮ್ ಸೊಂಟಕ್ಕಾದ್ರೂ ಬಿಡುವು ಸಿಗುತ್ತೆ’ ಎಂದರು. ಕೆಟ್ಟವರಲ್ಲ, ಬೆಳಿಗ್ಗೆ ಕೊಡ ಹೊತ್ತು ಹೊತ್ತು ಅವರ ಸೊಂಟ ನಿಜವಾಗಿಯೂ ಹಿಡಿದಿತ್ತು. ನನಗೂ ಒಳಗೊಳಗೆ ಹಗುರವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಯಾರದೋ ಮೀನು. ಕರೆಯದೆ ಬಂದದ್ದು. ಹೋಗುತ್ತದೆ.

ಮರುದಿನ ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಒಳಗೆ ಕೂತೆ. ನಮ್ಮವರು ಹೋಟೆಲಿನಿಂದ ಬಂದು ಮಲಗಿದ್ದರು. ಹೊರಗೆ ಗಂಡಸರ ಕಾಲಿನ ಸದ್ದು, ತಾಡಪಾಲು ಬಿಚ್ಚಿದ ಸದ್ದು. ‘ಅಮ್ಮ, ನೀವು ಇಳೀಬೇಡಿ’ ಎಂದು ಯಾರೋ ಅಂದರು. ‘ನಾನಿಲ್ದೆ ಅದು ಹತ್ರ ಬಿಟ್ಕೊಳ್ಳಲ್ಲ’ ಎಂದು ಸುಭದ್ರಮ್ಮನವರ ದನಿ. ನೀರು ಉಕ್ಕಿ ಹೊರಚೆಲ್ಲಿತು. ಆಮೇಲೆ ಅವರು ನೀರು ತಟ್ಟಿದ್ದು ಕೇಳಿಸಿತು, ಎರಡು ಸಲ.

ಮೀನು ಅವರ ಕೈಗೆ ಬಂದಿರಬೇಕು. ಎಂದಿನಂತೆ ಊಟಕ್ಕೆಂದು ಬಂದಿರಬೇಕು. ಹೊರಗೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ನನಗೆ ಏಕೋ ಕೂರಲಾಗಲಿಲ್ಲ. ಇಷ್ಟು ವರ್ಷ ನಂಬಿದ ಕೈಯೇ ಹೀಗೆ ಕರೆದು ಹಿಡಿದರೆ, ಆಮೇಲೆ ಆ ಕೈಯಿಂದ ಅದು ಹೇಗೆ ತಿಂದೀತು? ಸಾಗಿಸಿದ ಮೀನುಗಳು ಯಾಕೆ ತಿನ್ನುವುದನ್ನು ಬಿಡುತ್ತವೆ ಎಂಬುದು ಆಗ ನನಗೆ ತಿಳಿಯಿತು, ಅಥವಾ ತಿಳಿಯಿತು ಅಂದುಕೊಂಡೆ. ಎದ್ದು ಬಾಗಿಲು ತೆಗೆದೆ.

ಸುಭದ್ರಮ್ಮನವರು ಸೀರೆಯನ್ನು ಸೊಂಟಕ್ಕೆ ಬಿಗಿದು ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಭೂಪತಿಯ ತಲೆ ಅವರ ಮುಂಗೈಯ ಮೇಲಿತ್ತು. ನಾಲ್ವರೂ ತಾಡಪಾಲಿನ ನಾಲ್ಕು ಮೂಲೆ ಹಿಡಿದು ಅವರ ಅಪ್ಪಣೆಗೆ ಕಾದಿದ್ದರು. ಅವರು ಅಪ್ಪಣೆ ಕೊಟ್ಟಿರಲಿಲ್ಲ.

‘ಬೇಡಮ್ಮ. ಶೆಡ್ ಒಡೀತೀನಿ. ಇಲ್ಲೇ ಕೊಳ ತೋಡೋಣ’ ಎಂದೆ. ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಆ ಶೆಡ್ಡೇ ನನ್ನ ಅನ್ನ.

ಅವರು ನನ್ನತ್ತ ತಿರುಗಲಿಲ್ಲ. ಮೀನಿನ ಮೂತಿಯ ಗಾಯವನ್ನೇ ನೋಡುತ್ತ, ‘ಎಷ್ಟು ದಿನ ಬೇಕು?’ ಎಂದರು.

‘ಗೊತ್ತಿಲ್ಲ.’

‘ನಿಂಗೆ ಏನೂ ಗೊತ್ತಿಲ್ಲ’ ಎಂದು ಅವರು ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು. ಭೂಪತಿ ಜಾರಿ ಮುಳುಗಿತು. ‘ಏಯ್, ನೀವು ನಾಲ್ಕು ಜನ. ತಾಡಪಾಲು ಅಲ್ಲಿಡಿ. ಗುದ್ದಲಿ ಹಿಡಿಯೋಕೆ ಬರುತ್ತಲ್ಲ?’

ಮೀನು ಎತ್ತಲು ಬಂದ ನಾಲ್ವರೇ ಅಂದು ಸಂಜೆಯೊಳಗೆ ಶೆಡ್ಡಿನ ತಗಡು ಬಿಚ್ಚಿದರು. ನನ್ನ ಸಾಮಾನುಗಳೆಲ್ಲ ಮಂಚದ ಕೆಳಗೆ ಹೋದವು. ನಿದ್ದೆಯಿಂದ ಎದ್ದು ಬಂದ ನಮ್ಮವರು ಬಯಲಾದ ಹಿತ್ತಿಲನ್ನು ನೋಡಿ, ‘ನಾನು ಎಷ್ಟು ದಿನ ಮಲಗಿದ್ದೆ?’ ಎಂದು ಕೇಳಿದರು. ಆಮೇಲೆ ಪಂಚೆ ಮೇಲೆ ಕಟ್ಟಿ ಮಣ್ಣು ಹೊರಲು ನಿಂತರು. ಅವರ ಸೊಂಟ ಆಗಲೂ ಹಿಡಿದೇ ಇತ್ತು.

ವಠಾರದ ಮಾಲೀಕರು ಶೇಷಗಿರಿಯಪ್ಪ ಮುಂದಿನ ಮನೆಯಲ್ಲೇ ಇದ್ದರು. ಮರುದಿನ ಓಡೋಡಿ ಬಂದರು. ಪಾಯ ಕುಸಿಯುತ್ತದೆ, ಗೋಡೆ ಬೀಳುತ್ತದೆ, ನಾಳೆಯಿಂದಲೇ ಮನೆ ಖಾಲಿ ಮಾಡಿ ಎಂದು ಕೂಗಾಡಿದರು. ನಾನು ತಲೆ ತಗ್ಗಿಸಿ ನಿಂತೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಕೇಳದೆ ತೋಡಿದ್ದು ನಾನೇ. ತುಂಗಮ್ಮ ತಮ್ಮ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತದೆ, ‘ಶೇಷಗಿರಿ, ನಿನ್ನ ದೊಡ್ಡ ಮಗ ಹೊಟ್ಟೇಲಿ ಅಡ್ಡ ತಿರುಗಿದಾನೆ, ಬದುಕಲ್ಲ ಅಂತ ಡಾಕ್ಟ್ರು ಕೈ ಬಿಟ್ಟಾಗ ನಾನೇನು ಮಾಡ್ದೆ, ನೆನಪಿದ್ಯಾ?’ ಎಂದರು.

‘ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ?’

‘ಏನೂ ಇಲ್ಲ. ಜಾಗ ಸಾಲ್ದೆ ತಿರುಗೋಕಾಗ್ದೆ ಇರೋ ಜೀವ ನೋಡಿದಾಗೆಲ್ಲ ನಂಗೆ ಅವನ ನೆನಪಾಗುತ್ತೆ, ಅಷ್ಟೆ.’

ಶೇಷಗಿರಿಯಪ್ಪ ತೊಟ್ಟಿಯೊಳಗೆ ಇಣುಕಿದರು. ಭೂಪತಿ ಅದೇ ಹೊತ್ತಿಗೆ ಮೇಲೆ ಬಂದು ಗಟಕ್ಕನೆ ಗಾಳಿ ಕುಡಿಯಿತು. ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ‘ಪಾಯದಿಂದ ನಾಲ್ಕಡಿ ಬಿಟ್ಟು ತೋಡಿ. ಒಂದಂಗುಲ ಈಚೆ ಬಂದ್ರೂ ನಾನು ಮನುಷ್ಯನಾಗಿರಲ್ಲ’ ಎಂದು ಹೊರಟುಹೋದರು. ಮಧ್ಯಾಹ್ನ ತಾವೇ ಟೇಪು ಹಿಡಿದು ಬಂದು ಅಳೆದರು.

ತೋಡಲು ಒಂಬತ್ತು ದಿನ ಹಿಡಿಯಿತು. ಮೂರಡಿ ಕಪ್ಪು ಮಣ್ಣು, ಆಮೇಲೆ ಮೊರಂಬು. ಸುಭದ್ರಮ್ಮನವರು ಬೆಳಗಿನಿಂದ ಸಂಜೆಯವರೆಗೆ ಮಣೆಯ ಮೇಲೆ ಕೂತು ಕೆಲಸ ಮಾಡಿಸುತ್ತಿದ್ದರು. ಆಳ ಏಳಡಿಗೆ ಒಂದಂಗುಲವೂ ಕಮ್ಮಿಯಾಗಕೂಡದು. ಗೋಡೆಗೆ ಮೂಲೆಗಳಿರಕೂಡದು, ಮೂಲೆಯಿದ್ದರೆ ಮೂತಿ ತಾಗುತ್ತದೆ. ಕಟ್ಟೆಯ ಎತ್ತರಕ್ಕೆ ನಮ್ಮಿಬ್ಬರಿಗೂ ಜಗಳವೇ ಆಯಿತು. ಅವರು ಮೆಟ್ಟಿಲು ಇಳಿಸಬೇಕೆಂದರು. ವಠಾರದಲ್ಲಿ ಸಣ್ಣ ಮಕ್ಕಳಿವೆ, ಸೊಂಟದೆತ್ತರ ಕಟ್ಟೆ ಬೇಕು ಎಂದು ನಾನಂದೆ.

‘ಕೊಳ ಅಂದ್ರೆ ಮೆಟ್ಲಿರ್ಬೇಕು.’

‘ಅದು ನಿಮ್ಮನೇಲಿ ಅಮ್ಮ. ಇದು ನಮ್ಮನೆ.’

ಬಾಯಿ ತಪ್ಪಿ ಬಂದ ಮಾತು. ಅವರು ಎದ್ದು ಹೋದರು. ಆ ಸಂಜೆ ಐದಕ್ಕೆ ಬರಲಿಲ್ಲ. ಈರಣ್ಣ ಬಂದು ಮೀನು ಹಾಕಿದ; ಭೂಪತಿ ಮುಟ್ಟಲಿಲ್ಲ. ಮರುದಿನ ಹನ್ನೊಂದಕ್ಕೆ ಅವರು ಬಂದು, ಕಲ್ಲು ಕಟ್ಟಲು ಗೊತ್ತುಮಾಡಿದ್ದ ಮೇಸ್ತ್ರಿಯನ್ನು ಕರೆದು, ‘ಕಟ್ಟೆ ಸೊಂಟದೆತ್ತರ ಇರ್ಲಿ. ಆದ್ರೆ ಮೇಲೆ ಚಪ್ಪಡಿ ಹಾಸು, ಕೂತ್ಕೊಳ್ಳೋಕೆ’ ಎಂದರು. ನನ್ನ ಜತೆ ಮೂರು ದಿನ ಮಾತಾಡಲಿಲ್ಲ.

ಕಲ್ಲು ಕಟ್ಟಿ ಗಾರೆ ಬಳಿಯುವುದಕ್ಕೆ ಏಳು ದಿನವಾಯಿತು. ಹೊಸ ಸಿಮೆಂಟಿನ ಕಟು ಮೀನಿಗೆ ಆಗದು ಎಂದು ನೀರು ತುಂಬಿ, ಬಾಳೆದಿಂಡು ಕಡಿದು ಹಾಕಿ, ಐದು ದಿನ ಕೊಳೆಯಬಿಟ್ಟು ಚೆಲ್ಲಿದೆವು. ವಠಾರವೆಲ್ಲ ಗಬ್ಬು ನಾತ. ಅಷ್ಟರಲ್ಲಿ ಭೂಪತಿ ಸುಭದ್ರಮ್ಮನವರ ಕೈಯಿಂದಲೂ ತಿನ್ನುವುದನ್ನು ನಿಲ್ಲಿಸಿತ್ತು. ಮೇಲೆ ಬರುವುದು ಕಾಲು ಗಂಟೆಯಿಂದ ಹತ್ತು ನಿಮಿಷಕ್ಕೆ, ಹತ್ತರಿಂದ ಐದಕ್ಕೆ ಇಳಿದಿತ್ತು. ತುಂಗಮ್ಮ ಗಡಿಯಾರ ಹಿಡಿದು ಎಣಿಸಿ ತಲೆಯಾಡಿಸುತ್ತಿದ್ದರು. ಹೊಸ ಕೊಳಕ್ಕೆ ನೀರು ಬೇಕಾದಾಗ ಸುಭದ್ರಮ್ಮನವರು ತಮ್ಮ ಕೊಳದ ಅರ್ಧ ನೀರನ್ನು ಪಂಪು ಹಾಕಿಸಿ ಟ್ಯಾಂಕರಿನಲ್ಲಿ ಕಳಿಸಿದರು. ‘ಗುರುತಿನ ನೀರು’ ಎಂದಷ್ಟೇ ಹೇಳಿದರು. ಉಳಿದದ್ದನ್ನು ನಾವು ನಲ್ಲಿಯಿಂದ ತುಂಬಿದೆವು.

ತೊಟ್ಟಿಯ ಗೋಡೆಗೂ ಕೊಳಕ್ಕೂ ನಡುವೆ ಎರಡಡಿ ಮಣ್ಣು ಮಾತ್ರ ಉಳಿಸಿದ್ದೆವು. ಯಾರೂ ಮೀನನ್ನು ಮುಟ್ಟಕೂಡದು. ಗೋಡೆ ಒಡೆದು ದಾರಿ ಮಾಡುವುದು, ಅದರ ಪಾಡಿಗೆ ಅದು ಹೋಗುವುದು ಎಂದು ಮೊದಲೇ ಮಾತಾಗಿತ್ತು. ಮೇಸ್ತ್ರಿ ಮಣ್ಣು ತೆಗೆದು ಇಕ್ಕೆಲಕ್ಕೂ ಕಲ್ಲು ಕೊಟ್ಟು, ಕೊಳದ ಕಡೆ ಬಾಯಿ ಬಿಡಿಸಿ, ಕೊನೆಗೆ ಸುತ್ತಿಗೆಯಿಂದ ತೊಟ್ಟಿಯ ಗೋಡೆಗೆ ಏಟು ಹಾಕಿದ. ಮೂರನೆಯ ಏಟಿಗೆ ಬಿರುಕು, ಎಂಟನೆಯದಕ್ಕೆ ನೀರು ನುಗ್ಗಿತು. ಎರಡೂ ಕಡೆಯ ನೀರು ಒಂದೇ ಮಟ್ಟಕ್ಕೆ ಬಂದು ನಿಂತಿತು. ಐದೂ ಮನೆಯವರು, ಶೇಷಗಿರಿಯಪ್ಪ, ನಾಲ್ವರು ಆಳುಗಳು, ಎಲ್ಲ ಕಟ್ಟೆಯ ಸುತ್ತ ನಿಂತೆವು.

ಭೂಪತಿ ಕದಲಲಿಲ್ಲ. ತೊಟ್ಟಿಯ ಆಚೆ ಮೂಲೆಗೆ ಮೈ ಒತ್ತಿಕೊಂಡು ಸುಮ್ಮನಿತ್ತು. ಸುಭದ್ರಮ್ಮನವರು ಕೊಳದ ಕಡೆಯಿಂದ ನೀರು ತಟ್ಟಿದರು. ಬರಲಿಲ್ಲ. ಮತ್ತೆ ತಟ್ಟಿದರು. ಒಂದು ತಾಸು ಕಳೆಯಿತು, ಎರಡಾಯಿತು. ಮಕ್ಕಳು ಹಸಿವೆಂದು ಅತ್ತವು. ಒಬ್ಬೊಬ್ಬರೇ ಊಟಕ್ಕೆ ಹೋದರು. ಕೊನೆಗೆ ನಾನು ಸುಭದ್ರಮ್ಮನವರ ಕೈ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋಗಿ, ನಮ್ಮವರು ಹುಯ್ದ ದೋಸೆ ಹಾಕಿದೆ. ನಮ್ಮ ಮನೆಯಲ್ಲಿ ಅವರು ಮೊದಲ ಸಲ ತಿಂದದ್ದು ಅಂದು. ಎರಡು ದೋಸೆ ತಿಂದರು, ಮೂರನೆಯದನ್ನು ಕೇಳಿ ಹಾಕಿಸಿಕೊಂಡರು. ಕೈ ತೊಳೆಯಲು ಹಿತ್ತಿಲಿಗೆ ಬಂದಾಗ ತೊಟ್ಟಿಯಲ್ಲಿ ಮೀನಿರಲಿಲ್ಲ. ಕೊಳದ ನಡುವೆ ಒಂದು ತಲೆ ಎದ್ದು, ಗಾಳಿ ನುಂಗಿ, ಉದ್ದಕ್ಕೆ ಒಂದು ಗೆರೆ ಎಳೆದು ಮುಳುಗಿತು. ಹೋದದ್ದನ್ನು ಯಾರೂ ನೋಡಲಿಲ್ಲ.

ಸುಭದ್ರಮ್ಮನವರು ಎಂಜಲು ಕೈಯಲ್ಲೇ ಕಟ್ಟೆಯ ಮೇಲೆ ಕೂತು ಅತ್ತರು. ನಾನು ಪಕ್ಕದಲ್ಲಿ ನಿಂತೆ. ಸಮಾಧಾನ ಹೇಳುವುದು ನನಗೆ ಬಾರದು, ನೀರಿನ ಚೊಂಬು ಹಿಡಿದುಕೊಂಡಿದ್ದೆ.

ಮರುದಿನದಿಂದ ಭೂಪತಿ ಮತ್ತೆ ಸುಭದ್ರಮ್ಮನವರ ಕೈಯಿಂದ ತಿನ್ನತೊಡಗಿತು. ಗಾಯ ಮಾಯಲು ಒಂದು ತಿಂಗಳಾಯಿತು. ನಾನು ಮುಂದಿನ ಜಗಲಿಯಲ್ಲಿ ಅಂಗಡಿ ಹಾಕಿದೆ. ಬೀದಿಗೆ ಕಾಣುವ ಜಾಗವಾದ್ದರಿಂದ ಗಿರಾಕಿಗಳು ಹೆಚ್ಚೇ ಆದರು. ಆದರೆ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು, ಈಗಲೂ ಹೊಡೆಯುತ್ತದೆ. ಸುಭದ್ರಮ್ಮನವರು ದಿನಾ ಎರಡು ಹೊತ್ತು ಬಂದರು. ಊಟ ಹಾಕಿ ಚಪ್ಪಡಿಯ ಮೇಲೆ ಕೂತು ತುಂಗಮ್ಮನ ಜತೆ ಸೊಪ್ಪು ಬಿಡಿಸುತ್ತಿದ್ದರು. ಊರವರು ಆ ಮೀನನ್ನು ನಮ್ಮದು ಎನ್ನುತ್ತಿದ್ದರು. ನಾನು ಮಾತ್ರ ಒಂದು ದಿನವೂ ಅದಕ್ಕೆ ಕೈಯಾರೆ ಊಟ ಹಾಕಿರಲಿಲ್ಲ. ಅವರ ಕೈಯಿಂದ ಬಕೀಟು ಇಸಿದುಕೊಳ್ಳಲು ಬಾಯಿ ಬರಲಿಲ್ಲ. ಅವರೂ ಕೊಡಲಿಲ್ಲ. ಹೀಗೆ ನಾಲ್ಕು ತಿಂಗಳು.

ಒಂದು ಸಂಜೆ ಐದಕ್ಕೆ ಅವರು ಆಗಷ್ಟೇ ಬಂದು ಬಳೆ ಮೇಲೆ ಸರಿಸಿದ್ದರು. ಈರಣ್ಣ ಏದುಸಿರು ಬಿಡುತ್ತ ಓಡಿಬಂದ.

‘ಅಮ್ಮಾವ್ರೆ, ನಮ್ ಕೊಳದಾಗೆ ಮೀನು ಬಂದೈತೆ!’

ಅವರು ತಿರುಗಲಿಲ್ಲ. ‘ಯಾರದ್ದು?’

‘ಗೊತ್ತಿಲ್ಲ. ಅಗಲಕ್ಕೈತೆ, ತಟ್ಟೆ ತರ. ಕಪ್ಪು. ಅಮ್ಮಾವ್ರೆ, ಅದಕ್ಕೆ ಹಲ್ಲೈತೆ.’

‘ಹಲ್ಲಾ?’

‘ಮನ್ಷರ ಹಲ್ಲು ಇದ್ದಂಗೈತೆ. ಬಳ್ಳಿಯಿಂದ ಹೂವು ಬಿದ್ರೆ ಕಚಕ್ ಕಚಕ್ ಅಂತ ತಿಂತೈತೆ.’

ಬಳೆ ಅಂಗಡಿಯವರ ಮನೆಯ ಪಾಕು ಮೀನು ಎಂದು ತುಂಗಮ್ಮ ಕೂಡಲೇ ಗುರುತು ಹೇಳಿದರು. ಊರಿನಲ್ಲಿ ಅದಕ್ಕಿಂತ ಕುರೂಪಿ ಮೀನಿಲ್ಲ. ಸುಭದ್ರಮ್ಮನವರು ನೀರನ್ನೇ ನೋಡುತ್ತ ಕೂತರು. ಅವರ ಕೈಯ ನೆರಳು ಕಂಡು ಭೂಪತಿ ದೂರದಲ್ಲಿ ಒಂದು ಸುತ್ತು ಬಂತು.

‘ನೀವು ಹೋಗಿ ಅಮ್ಮ’ ಎಂದೆ.

‘ಯಾಕೆ ಹೋಗ್ಲಿ? ಅದು ಬಂದ್ರೆ ಬಂತು. ನಾನು ಕರ್ದಿದ್ನಾ?’

‘ನಾನೂ ಕರ್ದಿರ್ಲಿಲ್ಲ.’

ತುಂಗಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. ಸುಭದ್ರಮ್ಮನವರು ನನ್ನನ್ನು ಉರಿಯುವಂತೆ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಅವರು ಎದ್ದು, ಸೀರೆ ಕೊಡವಿ, ಬಕೀಟನ್ನು ಚಪ್ಪಡಿಯ ಮೇಲೆ ನನ್ನ ಕಡೆಗೆ ಸರಿಸಿ, ‘ಕೈ ಚೆನ್ನಾಗಿ ತೊಳ್ಕೊ’ ಎಂದು ಹೇಳಿ ಈರಣ್ಣನ ಹಿಂದೆ ನಡೆದರು. ಬಾಗಿಲಲ್ಲಿ ಒಂದು ಸಲ ನಿಂತು, ‘ಹೂವು ತಿನ್ನೋಕೆ ಬಿಟ್ಟಿದ್ದೀಯಲ್ಲೋ, ಹೊಟ್ಟೆ ಕೆಡಲ್ವಾ ಅದಕ್ಕೆ?’ ಎಂದು ಅವನನ್ನು ಗದರಿದ್ದು ಕೇಳಿಸಿತು.

ನಾನು ಕೈಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ಬೂದಿ ಹಚ್ಚಿ ತಿಕ್ಕಿದೆ. ಸೀಮೆಎಣ್ಣೆಯ ವಾಸನೆ ಪೂರ್ತಿ ಹೋಗಲಿಲ್ಲ. ಬಕೀಟಿನಿಂದ ಒಂದು ಮೀನು ಎತ್ತಿಕೊಂಡೆ, ನೀರು ತಟ್ಟಿದೆ. ಭೂಪತಿ ದೂರದಿಂದ ನೇರವಾಗಿ ಬಂದು ನನ್ನ ಕೈಯ ಮುಂದೆ ನಿಂತಿತು. ಅಷ್ಟು ದೊಡ್ಡ ಜೀವ ಅಷ್ಟು ಹತ್ತಿರದಲ್ಲಿ ಯೋಚಿಸುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಮೇಲೆ ಎಳೆದ ರಭಸಕ್ಕೆ ನನ್ನ ಭುಜದವರೆಗೆ ಜುಮ್ಮೆಂದಿತು, ರವಿಕೆಯೆಲ್ಲ ಒದ್ದೆಯಾಯಿತು. ‘ತಗೊಂತಲ್ಲೇ!’ ಎಂದು ತುಂಗಮ್ಮ ಸೊಪ್ಪಿನ ಮೊರವನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ನಾನು ಇನ್ನೊಂದು ಮೀನು ಎತ್ತಿಕೊಂಡೆ.

ಮರುದಿನ ಸುಭದ್ರಮ್ಮನವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾಲ್ಕನೆಯ ದಿನ ಜಗಲಿಯ ಮುಂದೆ ಬಂದು ನಿಂತರು. ಬಲಗೈಯ ತೋರುಬೆರಳಿಗೆ ದಪ್ಪಗೆ ಬಟ್ಟೆ ಸುತ್ತಿತ್ತು.

‘ತುಂಗಮ್ಮ ಇದ್ದಾರಾ? ಇದಕ್ಕೆ ಸರಿಯಾಗಿ ಪಟ್ಟಿ ಕಟ್ಬೇಕು. ಬಾಳೆಹಣ್ಣು ಕೊಡೋಕೆ ಹೋದ್ರೆ ಆ ಕತ್ತೆ ಮೀನು ಬೆರಳನ್ನೂ ಸೇರಿಸಿ ಕಚ್ತು.’

‘ಅಯ್ಯೋ, ಜೋರಾಗಿ ಕಚ್ಚಿದ್ಯಾ ಅಮ್ಮ?’

‘ಸಿಪ್ಪೆ ಸುಲಿದು ಕೊಟ್ಟಿದ್ದು ನಂದೇ ತಪ್ಪು. ಅದಕ್ಕೆ ಸಿಪ್ಪೆ ಸಮೇತ ಬೇಕು. ಬಳೆ ಅಂಗಡಿಯೋರು ಬಂದು ಹೇಳಿದ್ರು, ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ.’ ಹಿತ್ತಿಲ ಕಡೆ ಕಣ್ಣು ಹಾಯಿಸಿ, ‘ಭೂಪತಿ ತಿಂತಾ ಇದ್ಯಾ?’ ಎಂದರು.

‘ತಿಂತಾ ಇದೆ ಅಮ್ಮ. ಬನ್ನಿ, ನೋಡಿ.’

ತುಂಗಮ್ಮ ಹೊರಗೆ ಬಂದು ಪಟ್ಟಿ ಕಟ್ಟಿದರು. ಸುಭದ್ರಮ್ಮನವರು ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಒಳಗಿನ ಗಡಿಯಾರ ಹನ್ನೊಂದು ಹೊಡೆಯಿತು.

‘ಇನ್ನೊಂದಿನ ಬರ್ತೀನಿ, ಅದ್ರ ಊಟದ ಹೊತ್ತಾಯ್ತು’ ಎಂದು ಅವರು ಬೀದಿಗಿಳಿದು ಬೇಗ ಬೇಗ ತಮ್ಮ ಮನೆಯ ಕಡೆಗೆ ನಡೆದರು.